ಕಂಡವರ ಹೊಣೆ

ಡಾ. ಸರ್ವಮಂಗಳಾ ಸಾವಯವ ರಸಾಯನದ ಪ್ರಯೋಗಾಲಯಕ್ಕೆ ಕಾಲಿಟ್ಟದ್ದೇ ತಡ, ಎದೆಯ ಮೇಲಿನ ಬಿಲ್ಲೆ ಕೆಂಪಾಯಿತು. ಅದನ್ನು ತಿಳಿಯಲು ಅವಳು ತಲೆ ಬಗ್ಗಿಸಬೇಕಾಗಿಯೂ ಇರಲಿಲ್ಲ. ಎದುರಿಗೆ ನಿಂತಿದ್ದ ಮೇಘಶ್ರೀಯ ಕನ್ನಡಕದ ಗಾಜಿನಲ್ಲಿ ಕೆಂಪು ಚುಕ್ಕೆಯೊಂದು ಮಿನುಗಿತು.

"ಮತ್ತೆ ಬಂತಾ ಮೇಡಂ?" ಎಂದಳು ಮೇಘಶ್ರೀ, ಯಾರಿಗೋ ನೆಗಡಿ ಬಂದದ್ದನ್ನು ಕೇಳುವವಳ ಹಾಗೆ.

"ಬರದೆ ಏನು? ಆ ಮೂಲೆ ಹುಡ್ ಕೆಲಸ ಮಾಡ್ತಿದ್ಯಾ ಹೇಳು."

"ಫ್ಯಾನ್ ಸದ್ದು ಬರ್ತಿದೆಯಲ್ಲ."

ಸರ್ವಮಂಗಳಾ ಮೇಜಿನ ಮೇಲಿದ್ದ ತೆಳು ಕಾಗದದ ಚೂರೊಂದನ್ನು ಹರಿದು ಮೂಲೆಯ ಫ್ಯೂಮ್ ಹುಡ್‌ನ ಬಾಯಿಗೆ ಹಿಡಿದಳು. ಹುಡ್ ಎಂದರೆ ಗೋಡೆಗೊರಗಿದ ದೊಡ್ಡ ಗಾಜಿನ ಗೂಡು. ದ್ರಾವಕಗಳ ಆವಿ, ವಿಷದ ಹೊಗೆ ಕೋಣೆಗೆ ಹರಡದಂತೆ ಒಳಗೆಳೆದುಕೊಂಡು ಚಾವಣಿಯ ಕೊಳವೆಯಿಂದ ಆಚೆ ಹಾಕುವುದು ಅದರ ಕೆಲಸ. ಕಾಗದ ಒಳಕ್ಕೆ ವಾಲಬೇಕಿತ್ತು. ಜೋತುಬಿದ್ದುಕೊಂಡೇ ಇತ್ತು. ಮೇಲೆಲ್ಲೋ ಫ್ಯಾನು ಬರಿದೇ ಗರಗರ ಎನ್ನುತ್ತಿತ್ತು.

"ನೋಡಿದ್ಯಾ?"

ಮೇಘಶ್ರೀ ನೋಡಿದಳು. ಅವಳ ಬಿಲ್ಲೆ ಹಸಿರಾಗಿಯೇ ಇತ್ತು. "ಹೌದು ಮೇಡಂ, ಎಳೀತಿಲ್ಲ" ಎಂದು ಒಪ್ಪಿಕೊಂಡು, ತನ್ನ ಗಾಜಿನ ಬಟ್ಟಲುಗಳನ್ನು ತೊಳೆಯಲು ಹೋದಳು.

ಈ ಬಿಲ್ಲೆಗಳು ಬಂದು ಎರಡನೆಯ ವರ್ಷ ನಡೆಯುತ್ತಿತ್ತು. ಎಲ್ಲಿಯದೋ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದು ಮಕ್ಕಳು ಸತ್ತಾಗ, ವಿಚಾರಣೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: "ನಮಗೆ ಗೊತ್ತಿರಲಿಲ್ಲ." ಇನ್ನು ಮುಂದೆ ಯಾರೂ ಹಾಗೆ ಹೇಳಿ ತಪ್ಪಿಸಿಕೊಳ್ಳಕೂಡದೆಂದು ಹೊಸ ಕಾಯ್ದೆ ಬಂತು. ಕಾಯ್ದೆಯ ಜೊತೆಗೆ ಬಿಲ್ಲೆ ಬಂತು. ಅಪಾಯ ಯಾವುದು, ಅಲ್ಲದ್ದು ಯಾವುದು ಎಂದು ಯಂತ್ರಕ್ಕೆ ಕಲಿಸುವುದು ಕಷ್ಟ. ಅದನ್ನು ಮಾಡಿದವರು ಬೇರೆ ದಾರಿ ಹಿಡಿದಿದ್ದರು. ಕೆಟ್ಟದ್ದೇನಾದರೂ ಕಣ್ಣಿಗೆ ಬಿದ್ದಾಗ ಮನುಷ್ಯನ ಎದೆ ಝಲ್ಲೆನ್ನುತ್ತದೆ, ಅಂಗೈ ಬೆವರುತ್ತದೆ, ಉಸಿರು ಅರೆಗಳಿಗೆ ನಿಲ್ಲುತ್ತದೆ. ಬಿಲ್ಲೆ ಎದೆಬಡಿತವನ್ನು ಕೇಳಿಸಿಕೊಳ್ಳುತ್ತಿತ್ತು. ಅದು ಎಗರಿದ ಕ್ಷಣದಲ್ಲಿ ಎದುರಿಗೆ ಏನಿದೆಯೋ ಅದರ ಚಿತ್ರ ತೆಗೆದು ಕೆಂಪಾಗುತ್ತಿತ್ತು. ದೂರು ತಾನಾಗಿಯೇ ಹೋಗುತ್ತಿತ್ತು. ಒಂದು ದಿನ ಹಾಗೇ ಉಳಿದು, ಕೆಟ್ಟದ್ದನ್ನು ಸರಿಪಡಿಸುವವರೆಗೆ ಕಂಡು ಎದೆ ಎಗರಿದಾಗಲೆಲ್ಲ ಮತ್ತೆ ಕೆಂಪಾಗುತ್ತಿತ್ತು. ಅಲ್ಲಿಯತನಕ ಅದಕ್ಕೆ ಹೊಣೆ, ಕಂಡವರದೇ.

ಕಾಯ್ದೆ ಬರೆದವರ ಲೆಕ್ಕದಲ್ಲಿ, ಕೆಂಪು ಹೊತ್ತವರು ಕಾಟ ಕೊಟ್ಟು ಕೊಟ್ಟು ರಿಪೇರಿ ಮಾಡಿಸಬೇಕಿತ್ತು. ಸರ್ವಮಂಗಳಾ ಕಲಿಸುತ್ತಿದ್ದ ಶಿರಾ ರಸ್ತೆಯ ವಿಶ್ವವಿದ್ಯಾಲಯದಲ್ಲಿ ಮೊದಲ ಕೆಲವು ತಿಂಗಳು ಹಾಗೇ ಆಯಿತು. ಕಾರಿಡಾರಿನ ತುಂಬ ಕೆಂಪೋ ಕೆಂಪು. ಕಟ್ಟಡಗಳ ರಿಪೇರಿ ನೋಡಿಕೊಳ್ಳುವ ಎಂಜಿನಿಯರಿಂಗ್ ವಿಭಾಗದವರು ಒಂದಷ್ಟು ಪ್ಲಗ್ಗು ಬದಲಿಸಿದರು, ಒಂದೆರಡು ಕಡೆ ಮೆಟ್ಟಿಲಿಗೆ ಸಿಮೆಂಟು ಹಾಕಿದರು. ಆಮೇಲೆ ಒಬ್ಬೊಬ್ಬರದೇ ಹಸಿರಾಗುತ್ತ ಬಂತು. ಈಗ ರಸಾಯನಶಾಸ್ತ್ರ ವಿಭಾಗದಲ್ಲಿ ಕೆಂಪಗಿದ್ದದ್ದು ಸರ್ವಮಂಗಳಾ ಒಬ್ಬಳದೇ. ಅವಳು ವಿಭಾಗದ ಸುರಕ್ಷತಾಧಿಕಾರಿಯೂ ಆಗಿದ್ದಳು. ಯಾರೂ ಒಪ್ಪದ ಕೆಲಸವನ್ನು, ಸಭೆಗೆ ತಡವಾಗಿ ಹೋದ ತಪ್ಪಿಗೆ, ಅವಳ ತಲೆಗೆ ಕಟ್ಟಿದ್ದರು.

ಮೂಲೆಯ ಹುಡ್ ಬಗ್ಗೆ ಅವಳ ದೂರು ಹೋಗಿ ಎಷ್ಟು ಕಾಲವಾಗಿತ್ತೋ. ಪ್ರತಿ ಸಲ ಅವಳ ಫೋನಿಗೆ ಬರುತ್ತಿದ್ದ ಸಂದೇಶ ಒಂದೇ: "ತಮ್ಮ ಅಹವಾಲು ಪರಿಶೀಲನೆಯಲ್ಲಿದೆ. ಧೈರ್ಯವಾಗಿರಿ." ಈ 'ಧೈರ್ಯವಾಗಿರಿ' ಯಾಕೆಂದು ಅವಳಿಗೆ ಅರ್ಥವಾಗಿರಲಿಲ್ಲ.

ಅಂದು ಅವಳು ನೇರ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದಳು. ಪ್ರೊಫೆಸರ್ ಜಯದೇವಪ್ಪನವರು ನಿವೃತ್ತಿಯ ಹತ್ತಿರ ಬಂದವರು, ರಕ್ತದೊತ್ತಡದವರು, ಜಗಳ ಎಂದರೆ ಆಗದವರು. ಅವಳ ಎದೆಯ ಕೆಂಪನ್ನು ಕಂಡೊಡನೆ ಮುಖ ಸಣ್ಣಗೆ ಮಾಡಿಕೊಂಡರು.

"ಕೂತ್ಕೊಳಿ ಮೇಡಂ. ಏನು, ಹುಡ್ಡಾ?"

"ಹೌದು ಸರ್. ಎಂಜಿನಿಯರಿಂಗ್‌ನವರು ಬರೋವರೆಗೂ ಆ ಲ್ಯಾಬ್ ಮುಚ್ಚೋಣ ಸರ್. ಮೇಘಶ್ರೀ ಅಲ್ಲಿ ಈಥರ್ ಕಾಯಿಸ್ತಾಳೆ. ಆವಿ ಆಚೆ ಹೋಗದಿದ್ರೆ ಕೆಳಗೆ ಇಳಿದು ಮೇಜಿನ ಮೇಲೆ ಹರಿಯುತ್ತೆ. ಪಕ್ಕದಲ್ಲೇ ಹಾಟ್ ಪ್ಲೇಟ್ ಇದೆ, ತಾಗಿದ್ರೆ ಹತ್ಕೊಳ್ಳುತ್ತೆ."

"ಮುಚ್ಚಿಬಿಟ್ರೆ ಆ ಹುಡುಗಿ ಪಿಎಚ್.ಡಿ. ಏನಾಗ್ಬೇಕು? ಅವಳ ಗೈಡ್ ನಾನು, ನನಗೆ ಗೊತ್ತಿಲ್ವಾ? ಈ ತಿಂಗಳು ಆ ಪ್ರಯೋಗ ಮುಗೀಬೇಕು."

"ಜೀವಕ್ಕಿಂತ ಹೆಚ್ಚಾ ಸರ್?"

ಜಯದೇವಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿ, ನೀವು ಹೇಳೋದು ಸುಳ್ಳು ಅನ್ನಲ್ಲ. ಆದರೆ ಆ ಲ್ಯಾಬಲ್ಲಿ ದಿನಾ ಎಷ್ಟು ಜನ ಓಡಾಡ್ತಾರೆ, ಯಾರ ಬಿಲ್ಲೆನೂ ಕೆಂಪಾಗಲ್ಲ. ನಿಮ್ಮೊಬ್ಬರದೇ ಆಗುತ್ತೆ. ವೈಸ್ ಛಾನ್ಸಲರ್ ಕೇಳಿದ್ರೆ ನಾನೇನು ಹೇಳ್ಲಿ?" ದನಿ ತಗ್ಗಿಸಿದರು. "ಒಂದ್ಸಲ ಡಾಕ್ಟರ್ ಹತ್ರ ತೋರಿಸ್ಕೊಳಿ ಮೇಡಂ. ಬೆಳಿಗ್ಗೆ ಒಂದು ಮಾತ್ರೆ. ಎಲ್ಲರೂ ತಗೋತಾರೆ. ನಾನೂ ತಗೋತೀನಿ. ಬಿಪಿಗೂ ಒಳ್ಳೇದು."

ಆಗಲೇ ಅವಳಿಗೆ ತಿಳಿದದ್ದು. ವೇದಿಕೆ ಹತ್ತಲು ಅಂಜುವವರಿಗೆಂದು ಬಂದ ಮಾತ್ರೆ ಅದು. ನುಂಗಿದರೆ ಎದೆ ಎಗರುವುದಿಲ್ಲ, ಕೈ ಬೆವರುವುದಿಲ್ಲ. ಬಣ್ಣ ಬಿಳಿಯಾದರೂ ಕ್ಯಾಂಪಸ್ಸಿನಲ್ಲಿ ಎಲ್ಲರೂ ಅದನ್ನು ಹಸಿರು ಮಾತ್ರೆ ಎನ್ನುತ್ತಿದ್ದರು. ಗೇಟಿನೆದುರಿನ ಔಷಧದ ಅಂಗಡಿಯಲ್ಲಿ ಚೀಟಿ ಕೇಳದೆ ಕೊಡುತ್ತಿದ್ದರು. ಬಿಲ್ಲೆ ಹಸಿರಾಗಿಲ್ಲದ ಸಂಶೋಧಕರಿಗೆ ಫೆಲೋಶಿಪ್ ಮುಂದುವರಿಸುವಾಗ ತಕರಾರು ಬರುತ್ತಿದ್ದುದರಿಂದ ಮೇಘಶ್ರೀಯೂ ನುಂಗುತ್ತಿದ್ದಳು. ಇಡೀ ವಿಭಾಗದಲ್ಲಿ ಇದು ಗೊತ್ತಿಲ್ಲದೆ ಇದ್ದವಳು ಸುರಕ್ಷತಾಧಿಕಾರಿ ಒಬ್ಬಳೇ. ಅವಳಿಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಆ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆ ಮನೆಗೆ ಹೊತ್ತು ತಂದಳು.

ಮನೆಯಲ್ಲಿ ಗಂಡ ನಿಜಗುಣ ಊಟದ ಮೇಜಿನ ಮುಂದೆ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದ. ಅವನು ಅದೇ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವನು. ಮೂರನೆಯ ತರಗತಿಯ ಮಗಳು ಇಂಚರ ಒಲೆಯ ಮುಂದೆ ನಿಂತು ಹಪ್ಪಳ ಸುಡುತ್ತಿದ್ದಳು. ಅಪ್ಪ ಇದ್ದಾಗ ಮಾತ್ರ ಸುಡಬಹುದೆಂದು ಅವಳಿಗೆ ಅಪ್ಪಣೆಯಿತ್ತು. ಸರ್ವಮಂಗಳಾ ಬಚ್ಚಲಲ್ಲಿ ಮುಖ ತೊಳೆದು ಒರೆಸಿಕೊಳ್ಳುತ್ತಿದ್ದಾಗ ಹೊರಗಿನಿಂದ ಅವನ ದನಿ ಕೇಳಿತು.

"ಇಂಚರಾ, ನಿನ್ನ ಅಂಗಿ ತೋಳಿಗೆ ಬೆಂಕಿ ಹತ್ತಿದೆ ನೋಡು."

ಬಸ್ಸು ಬಂತು ನೋಡು ಎನ್ನುವ ದನಿ. ಆ ದನಿ ಕೇಳಿ ಸರ್ವಮಂಗಳಾ ಮೊದಲು ಮುಖ ಒರೆಸಿಕೊಳ್ಳುವುದನ್ನೇ ಮುಂದುವರಿಸಿದಳು. ಮಾತಿನ ಅರ್ಥ ತಲೆಗೆ ಹೋದದ್ದು ಆಮೇಲೆ, ಮಗಳು ಕಿರುಚಿದಾಗ. ಓಡಿ ಬಂದು, ಉರಿಯುತ್ತಿದ್ದ ತೋಳನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಬಿಗಿಯಾಗಿ ಹಿಡಿದಳು. ನಿಜಗುಣ ಎದ್ದು ನಿಂತಿದ್ದ. ಕೈಯಲ್ಲಿ ಇನ್ನೂ ಕೆಂಪು ಪೆನ್ನಿತ್ತು.

"ಏನ್ರೀ ನೋಡ್ತಾ ನಿಂತಿದೀರಾ!"

"ಹೇಳಿದ್ನಲ್ಲ ಅವಳಿಗೆ" ಎಂದ.

ಮೊಣಕೈಯ ಬಳಿ ಒಂದಿಷ್ಟು ಬೊಬ್ಬೆ ಎದ್ದಿತ್ತು, ಅಷ್ಟೇ. ನೀರಿಗೆ ಹಿಡಿದು, ಡಾಕ್ಟರಿಗೆ ತೋರಿಸಿ, ಮುಲಾಮು ಹಚ್ಚಿಸಿಕೊಂಡು ಬಂದರು. ಬಿಕ್ಕಿ ಬಿಕ್ಕಿ ಸುಸ್ತಾದ ಮಗಳು ಅಮ್ಮನ ತೊಡೆಯ ಮೇಲೆ ಮಲಗಿದಳು. ಸರ್ವಮಂಗಳಾ ಗಂಡನನ್ನು ನೋಡಿದಳು.

"ಯಾವಾಗಿಂದ ತಗೋತಿದೀರಾ?"

ಅವನು ಯಾವುದು ಎಂದು ಕೇಳಲಿಲ್ಲ. "ಹೋದ ವರ್ಷದಿಂದ. ನಮ್ಮ ಕಟ್ಟಡದ ಬಾಲ್ಕನಿ ಬಿರುಕು ಬಿಟ್ಟಿದೆಯಲ್ಲ, ದಿನಾ ಕೆಂಪಾಗ್ತಿತ್ತು. ಪ್ರಮೋಷನ್ ಸಮಯ. ಸಾಕಾಗಿಹೋಗಿತ್ತು ಮಂಗಳಾ."

"ಮಗು ಕೈ ಉರೀತಿದ್ರೆ..."

"ನೋಡ್ದೆ. ಬೆಂಕಿ ಅಂತ ಗೊತ್ತಾಯ್ತು. ಸುಡುತ್ತೆ ಅಂತ ಗೊತ್ತಾಯ್ತು. ಹೇಳಬೇಕು ಅಂತ ಗೊತ್ತಾಗಿ ಹೇಳ್ದೆ." ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಏಳಬೇಕು ಅಂತ ಯಾಕೆ ಅನ್ನಿಸ್ಲಿಲ್ಲ? ಈಗಲೂ ಅದನ್ನ ನೆನೆಸ್ಕೊಂಡ್ರೆ ನನಗೆ ಏನೂ ಆಗ್ತಿಲ್ಲ. ಏನಾದರೂ ಆಗಬೇಕಲ್ವಾ?"

ಅವಳ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಹೆದರಿಕೆ ಮೊದಲು ಮೈಯಲ್ಲಿ ಹುಟ್ಟಿ ಆಮೇಲೆ ಬುದ್ಧಿಯನ್ನು ತಟ್ಟಿ ಎಬ್ಬಿಸುತ್ತದೆಂದು ಅವಳು ಎಲ್ಲೋ ಓದಿದ್ದಳು. ಮೈಯನ್ನು ಮಲಗಿಸಿದ ಮೇಲೆ ಬುದ್ಧಿ ಎಲ್ಲವನ್ನೂ ತಿಳಿದುಕೊಂಡು ಕುಳಿತೇ ಇರುತ್ತದೆ. ಪಾಠ ಮಾಡಲು ಇದು ಚೆನ್ನಾದ ವಿಷಯ. ತನ್ನ ಮನೆಯಲ್ಲೇ, ತನ್ನ ಮಗುವಿನ ಮುಂದೆ ಹೀಗಾದಾಗ ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

"ನಾಳೆಯಿಂದ ಬಿಡ್ತೀನಿ" ಎಂದ ನಿಜಗುಣ. ಮೈಗೆ ಅಭ್ಯಾಸವಾದ ಮಾತ್ರೆ. ಡಾಕ್ಟರಿಗೆ ಫೋನ್ ಮಾಡಿ ಕೇಳಿದರೆ, ಸ್ವಲ್ಪಸ್ವಲ್ಪವೇ ಕಡಿಮೆ ಮಾಡಬೇಕೆಂದರು.

ಮರುದಿನ ಅವಳು ಬಿಲ್ಲೆಗಳ ನಿಯಂತ್ರಣ ಕೊಠಡಿಗೆ ಹೋದಳು. ಆಡಳಿತ ಭವನದ ಹಿಂದಿನ ತಣ್ಣನೆಯ ಕೋಣೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಕ್ಯಾಂಪಸ್ಸಿನ ನಕ್ಷೆ. ಸಾವಿರಾರು ಹಸಿರು ಚುಕ್ಕೆಗಳು ಜೋಳದ ಹೊಲದಂತೆ ಹಬ್ಬಿಕೊಂಡಿದ್ದವು. ಪರದೆಯ ಮುಂದೆ ಕುಳಿತಿದ್ದ ಕೌಸರ್ ತಿರುಗಿ ನೋಡಿ ನಕ್ಕಳು.

"ನೀವು ಬರೋದು ಕಾಣಿಸ್ತು ಮೇಡಂ. ಕೆಂಪು ಚುಕ್ಕೆ ರಸ್ತೆ ದಾಟ್ತಿತ್ತು. ಇನ್ಯಾರು ಅಂದ್ಕೊಂಡೆ."

"ನನ್ನ ದೂರು ಎಲ್ಲಿ ನಿಂತಿದೆ ನೋಡಿ ಕೌಸರ್. ಎಂಜಿನಿಯರಿಂಗ್‌ನೋರಿಗೆ ಫೋನ್ ಮಾಡಿದ್ರೆ ಬಂದೇ ಇಲ್ಲ ಅಂತಾರೆ."

ಕೌಸರ್ ಹುಡುಕಿದಳು. ಅವಳ ಹುಬ್ಬು ಗಂಟಿಕ್ಕಿತು. ಮತ್ತೆ ಹುಡುಕಿದಳು. "ಅವರು ಹೇಳಿದ್ದು ನಿಜ ಮೇಡಂ. ಅಲ್ಲಿಗೆ ಹೋಗ್ತಾನೇ ಇಲ್ಲ. ಹೆಲ್ತ್ ಸೆಂಟರ್‌ಗೆ ಹೋಗ್ತಿದೆ."

"ಯಾಕೆ?"

"ಈ ಯಂತ್ರ ಎಲ್ಲರನ್ನೂ ಹೋಲಿಸಿ ನೋಡುತ್ತೆ. ಒಂದೇ ಜಾಗಕ್ಕೆ ಹತ್ತಾರು ಜನ ಹೋಗಿ ಯಾರಿಗೂ ಏನೂ ಆಗದೆ, ಒಬ್ಬರಿಗೇ ಪದೇ ಪದೇ ಎದೆ ಹೊಡ್ಕೊಂಡ್ರೆ, ತೊಂದರೆ ಜಾಗದ್ದಲ್ಲ, ಆ ಮನುಷ್ಯರದ್ದು ಅಂತ ತೀರ್ಮಾನ ಮಾಡಿಬಿಡುತ್ತೆ." ಕೌಸರ್ ಪರದೆಯ ಮೇಲಿದ್ದುದನ್ನು ಮೆಲ್ಲನೆ ಓದಿದಳು. "ವೈಯಕ್ತಿಕ ಆತಂಕ. ಆಪ್ತಸಮಾಲೋಚನೆಗೆ ಕಳುಹಿಸಿ."

ಧೈರ್ಯವಾಗಿರಿ ಎಂಬ ಮಾತು ಎಲ್ಲಿಂದ ಬರುತ್ತಿತ್ತೆಂದು ಅವಳಿಗೆ ಈಗ ತಿಳಿಯಿತು.

"ನೀವು ಬದಲಾಯಿಸೋಕಾಗಲ್ವಾ?"

"ನಾನು ನೋಡೋಳು ಅಷ್ಟೇ ಮೇಡಂ. ಯಂತ್ರ ತಪ್ಪು ಮಾಡ್ತಿದೆ ಅಂತ ಮೇಲೆ ಬರೀತೀನಿ. ಹಿಂದೆಯೂ ಬರ್ದಿದೀನಿ. ಕ್ಯಾಂಪಸ್ ಇಷ್ಟು ಹಸಿರಾಗಿರೋವಾಗ ಏನು ತಪ್ಪಮ್ಮ ಅಂತಾರೆ." ಕೌಸರ್ ತನ್ನ ಚಹಾದ ಲೋಟವನ್ನು ಅವಳ ಕಡೆ ಸರಿಸಿದಳು. "ಕುಡೀರಿ ಮೇಡಂ."

ಅಲ್ಲಿಂದ ಹೊರಟವಳು ನೇರ ಪ್ರಯೋಗಾಲಯಕ್ಕೆ ಹೋಗಿ, ಒಳಗಿದ್ದವರನ್ನು ಎಬ್ಬಿಸಿ ಕಳುಹಿಸಿ, ಬಾಗಿಲಿಗೆ ಬೀಗ ಹಾಕಿದಳು. ಸುರಕ್ಷತಾಧಿಕಾರಿಗೆ ಆ ಅಧಿಕಾರವಿತ್ತು. ಮುಖ್ಯಸ್ಥರಿಗೆ ಅದನ್ನು ತೆಗೆಸುವ ಅಧಿಕಾರವೂ ಇತ್ತು. ಅಪಾಯ ಕಾಣದ ಮುಖ್ಯಸ್ಥರು, ಕಂಡ ಅಧಿಕಾರಿಯ ಮಾತನ್ನು ತಳ್ಳಿಹಾಕಬಹುದೆಂದು ವಿಶ್ವವಿದ್ಯಾಲಯದ ನಿಯಮವೇ ಹೇಳುತ್ತಿತ್ತು. ಜಯದೇವಪ್ಪನವರು ಮೇಘಶ್ರೀಯ ಜೊತೆ ಬಂದು, ಬೇಸರದಿಂದಲೇ, ಬೀಗ ತೆಗೆಸಿದರು.

"ಸರ್, ಕೈ ಮುಗೀತೀನಿ."

"ನಾನೂ ಮುಗೀತೀನಿ ಮೇಡಂ. ಹೆಲ್ತ್ ಸೆಂಟರಿಂದ ಫೋನ್ ಬಂದಿತ್ತು. ನಿಮ್ಮನ್ನ ಆಪ್ತಸಮಾಲೋಚನೆಗೆ ಕಳಿಸಬೇಕಂತೆ. ಈಗಲೇ ಹೋಗಿಬನ್ನಿ. ಇದು ಆಜ್ಞೆ ಅಂದ್ಕೊಳಿ."

ಅವಳು ಮೇಘಶ್ರೀಯ ಕೈ ಹಿಡಿದುಕೊಂಡಳು. "ಮೇಘಾ, ಇವತ್ತು ಬೇಡ. ತಲೆ ಭಾರ ಆದರೆ, ವಾಸನೆ ಬಂದರೆ, ಎಲ್ಲ ಬಿಟ್ಟು ಆಚೆ ಬಾ. ಆಗುತ್ತಲ್ಲ?"

"ಆಗಲಿ ಮೇಡಂ" ಎಂದಳು ಹುಡುಗಿ. ಅವಳ ಮುಖದಲ್ಲಿ ಅಸಡ್ಡೆ ಇರಲಿಲ್ಲ. ಹೇಳಿದ್ದನ್ನು ಚೆನ್ನಾಗಿ ಕೇಳಿಸಿಕೊಂಡಿದ್ದಳು. ಅದೇ ಹೊಟ್ಟೆ ಉರಿಸುವಂಥದ್ದು.

ಆಪ್ತಸಮಾಲೋಚಕಿ ಸಣ್ಣ ವಯಸ್ಸಿನವಳು, ಮೆದುಮಾತಿನವಳು. ಸರ್ವಮಂಗಳಾಳನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ಸಮುದ್ರವನ್ನು ನೆನೆಸಿಕೊಳ್ಳಲು ಹೇಳಿದಳು. "ನಿಮಗೆ ಎಲ್ಲದಕ್ಕೂ ನಾನೇ ಜವಾಬ್ದಾರಿ ಅನ್ನಿಸುತ್ತಾ ಮೇಡಂ?" ಎಂದು ಕೇಳಿದಳು. ಸರ್ವಮಂಗಳಾಗೆ ನಗು ಬಂತು, ಅಳುವೂ ಬಂತು. ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಸಮುದ್ರವಲ್ಲ, ಮೇಜಿನಂಚಿನಿಂದ ನೀರಿನ ಹಾಗೆ ಇಳಿದು ಹರಿಯುವ, ಕಣ್ಣಿಗೆ ಕಾಣದ ಆವಿ. ಅರ್ಧಕ್ಕೇ ಎದ್ದು ಹೊರಟುಬಿಟ್ಟಳು. ಹಿಂದಿನಿಂದ ಆ ಹುಡುಗಿ ಮೆಲ್ಲನೆ ಕರೆಯುತ್ತಲೇ ಇದ್ದಳು.

ವಿಭಾಗದ ಮೆಟ್ಟಿಲು ಹತ್ತುವಾಗಲೇ ಸುಟ್ಟ ವಾಸನೆ ಹೊಡೆಯಿತು.

ಕಾರಿಡಾರಿನಲ್ಲಿ ಜನ ನಿಂತಿದ್ದರು. ಪ್ರಯೋಗಾಲಯದ ಬಾಗಿಲಿನಿಂದ ಹೊಗೆ ಚಾವಣಿಗೆ ಅಂಟಿಕೊಂಡು ಹೊರಗೆ ಬರುತ್ತಿತ್ತು. ಹೊಗೆಯ ಕೆಳಗೆ ಸಾಲಾಗಿ ಹಸಿರು ಬಿಲ್ಲೆಗಳು. ಯಾರೂ ಓಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಒಬ್ಬ ಅಧ್ಯಾಪಕರು ಅಗ್ನಿಶಾಮಕದವರ ನಂಬರು ನೆನಪಿದೆಯೇ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಇನ್ನೊಬ್ಬರು, ಒಳಗೆ ಮೇಘಶ್ರೀ ಇರಬೇಕು ಎಂದರು. ಹೌದು, ಬಿದ್ದಿದ್ದಾಳೆ, ಕಾಣ್ತಿದೆ ಎಂದು ಮತ್ತೊಬ್ಬರು ಒಪ್ಪಿದರು.

"ಸರೀರಿ! ಸರೀರಿ ಎಲ್ಲ!"

ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಬಗ್ಗಿ, ಅವಳು ಒಳಗೆ ನುಗ್ಗಿದಳು. ಮೂಲೆಯಲ್ಲಿ ಮೇಜು ಉರಿಯುತ್ತಿತ್ತು. ಸಿಂಕಿನ ಪಕ್ಕದಲ್ಲಿ ಮೇಘಶ್ರೀ ಒರಗಿ ಕುಳಿತವಳಂತೆ ಬಿದ್ದಿದ್ದಳು. ಏಪ್ರನ್ನಿನ ಒಂದು ಮಗ್ಗುಲು ಕರಕಾಗಿತ್ತು. ಕಂಕುಳಿಗೆ ಕೈ ಹಾಕಿ ಎಳೆಯುವಾಗ ಹುಡುಗಿ ಕಣ್ಣು ಬಿಟ್ಟು, "ತಲೆ ಭಾರ ಆಗಿತ್ತು ಮೇಡಂ" ಎಂದಳು. ಅಷ್ಟೇ. ಬಾಗಿಲ ಬಳಿ ಬಂದೊಡನೆ ಸರ್ವಮಂಗಳಾ ಹೊರಗೆ ನಿಂತವರ ಹೆಸರು ಹಿಡಿದು ಕೂಗಿದಳು. ಹೆಸರು ಹಿಡಿದು, ಇದನ್ನು ಮಾಡಿ ಎಂದು ಹೇಳಿದರೆ ಅವರು ಮಾಡುತ್ತಿದ್ದರು. ಕಾಲು ಹಿಡೀರಿ ಎಂದರೆ ಹಿಡಿದರು. ಮೇನ್ ಸ್ವಿಚ್ ತೆಗೀರಿ ಸರ್ ಎಂದಾಗ ಜಯದೇವಪ್ಪನವರು ಹೋಗಿ ತೆಗೆದರು, ಓಡದೆ, ನಡೆದುಕೊಂಡೇ.

ಬೆಂಕಿ ಆ ಕೋಣೆಯನ್ನು ದಾಟಲಿಲ್ಲ. ಮೇಘಶ್ರೀ ಬದುಕಿದಳು. ಕೊರಳು, ಎಡಗೈ ಸುಟ್ಟಿದ್ದವು. ಶ್ವಾಸಕೋಶಕ್ಕೆ ಹೊಗೆ ಇಳಿದಿತ್ತು. ಮಾತು ಬಿಟ್ಟುಬಿಟ್ಟು ಬರುತ್ತಿತ್ತು. ಆಸ್ಪತ್ರೆಯಲ್ಲಿ ಮಾತ್ರೆಯ ಪ್ರಭಾವ ಇಳಿದ ದಿನ ಅವಳು ಎಷ್ಟು ಕಿರುಚಿಕೊಂಡಳೆಂದರೆ ಇಬ್ಬರು ದಾದಿಯರು ಹಿಡಿದುಕೊಳ್ಳಬೇಕಾಯಿತು. ಅಂದು ಬಾರದ ಭಯವೆಲ್ಲ ಒಟ್ಟಿಗೇ ಬಂದಿತ್ತು. ಅವಳ ತಾಯಿ ಸರ್ವಮಂಗಳಾಳ ಕೈಗಳನ್ನು ಕಣ್ಣಿಗೊತ್ತಿಕೊಂಡಾಗ, ಕೈ ಹಿಂದಕ್ಕೆ ಎಳೆದುಕೊಳ್ಳುವಂತಾಯಿತು ಅವಳಿಗೆ.

ವಿಚಾರಣೆಗೆ ನಿವೃತ್ತ ನ್ಯಾಯಾಧೀಶೆಯೊಬ್ಬರು ಬಂದರು. ಬಿಲ್ಲೆಗಳ ದಾಖಲೆ ಎಲ್ಲರ ಮುಂದಿತ್ತು. ಅದರಲ್ಲಿ ಗೊಂದಲಕ್ಕೆ ಜಾಗವೇ ಇರಲಿಲ್ಲ. ಮೂಲೆಯ ಹುಡ್ ಕೆಟ್ಟದ್ದನ್ನು ಕಂಡಿದ್ದು ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬಳೇ. ಹಸಿರಾಗಿದ್ದವರಿಗೆ ಅಪಾಯ ಕಂಡಿರಲಿಲ್ಲ ಎಂದೇ ಕಾಯ್ದೆಯ ಅರ್ಥ. ಮಾತ್ರೆಯ ವಿಷಯ ಎತ್ತಿದಾಗ ವಿಶ್ವವಿದ್ಯಾಲಯದ ವಕೀಲರು, ಮಾತ್ರೆ ನುಂಗಬಾರದೆಂದು ಕಾಯ್ದೆಯಲ್ಲಿ ಎಲ್ಲಿಯೂ ಬರೆದಿಲ್ಲ ಎಂದರು. ಬರೆದಿರಲಿಲ್ಲ. ಕೌಸರ್ ಎದ್ದುನಿಂತು, ದೂರುಗಳು ಹೆಲ್ತ್ ಸೆಂಟರಿಗೆ ಹೋಗುತ್ತಿದ್ದವೆಂದು ಸಾಕ್ಷಿ ಹೇಳಿದಳು. ಯಂತ್ರದ ತಪ್ಪಿಗೆ ಯಾರನ್ನು ಹೊಣೆ ಮಾಡುವುದೆಂದು ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ.

"ಡಾಕ್ಟರ್ ಸರ್ವಮಂಗಳಾ" ಎಂದರು ನ್ಯಾಯಾಧೀಶೆ, "ನನಗೆ ಇದು ಸರಿ ಅನ್ನಿಸ್ತಿಲ್ಲ. ಆದರೆ ಕಾಯ್ದೆ ಪ್ರಕಾರ ಪೂರ್ತಿ ಹೊಣೆ ನಿಮ್ಮ ಮೇಲೇ ಬರುತ್ತೆ. ಏನಾದರೂ ಹೇಳೋದಿದೆಯಾ?"

ಹೇಳುವುದು ಬೆಟ್ಟದಷ್ಟಿತ್ತು. ಹಿಂದಿನ ದಿನವೆಲ್ಲ ಮನೆಯಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಅದೆಲ್ಲ ದಣಿವಿನಲ್ಲಿ ಕರಗಿಹೋಗಿ ಒಂದೇ ಪ್ರಶ್ನೆ ಉಳಿಯಿತು.

"ಪೂರ್ತಿ ನನ್ನದೇನಾ ಮೇಡಂ? ಮುಖ್ಯಸ್ಥರದ್ದು?"

"ದಾಖಲೆ ಪ್ರಕಾರ, ಏನೂ ಇಲ್ಲ."

"ಎಂಜಿನಿಯರಿಂಗ್ ವಿಭಾಗದ್ದು? ವೈಸ್ ಛಾನ್ಸಲರದ್ದು?"

"ಏನೂ ಇಲ್ಲ."

"ಹಾಗಾದ್ರೆ ಆ ಕಟ್ಟಡದ ಬೀಗ ತೆಗೆಯೋ ಅಧಿಕಾರ ಇವರಲ್ಲಿ ಯಾರಿಗೂ ಇಲ್ಲ. ಹೊಣೆ ಇಲ್ಲದೋರಿಗೆ ಅಧಿಕಾರ ಎಲ್ಲಿಂದ ಬರುತ್ತೆ? ನಾನು ಇಡೀ ವಿಭಾಗ ಮುಚ್ಚಿದೀನಿ. ಬೆಳಿಗ್ಗೆನೇ ಮುಚ್ಚಿ ಬಂದೆ."

ಸಭೆಯಲ್ಲಿ ಗುಜುಗುಜು ಎದ್ದಿತು. ವಕೀಲರು ಅವಳನ್ನು ಅಮಾನತಿನಲ್ಲಿಡಬೇಕೆಂದರು. ನ್ಯಾಯಾಧೀಶೆ ಕಾಯ್ದೆಯ ಹಾಳೆಗಳನ್ನು ಹಿಂದೆ ಮುಂದೆ ತಿರುವಿ, ಮೊದಲ ಬಾರಿಗೆ ಸ್ವಲ್ಪ ನಕ್ಕರು. "ವಿಶ್ವವಿದ್ಯಾಲಯದ ನಿಯಮ ಏನೇ ಹೇಳಲಿ, ಕಾಯ್ದೆಯಲ್ಲಿ ಹೊಣೆ ಹೊತ್ತವರದೇ ಬೀಗ. ಅಮಾನತಿನಲ್ಲಿ ಇಡಬಹುದು. ಆಗ ಇವರ ಹೊಣೆಯನ್ನ ಇನ್ನೊಬ್ಬರು ವಹಿಸ್ಕೋಬೇಕು. ಆ ಜಾಗಕ್ಕೆ ಹೋಗಿ, ಅಪಾಯ ನೋಡಿ, ನಾನು ಕಂಡೆ ಅಂತ ಹೇಳಿ ವಹಿಸ್ಕೋಬೇಕು. ಯಾರು ಸಿದ್ಧ ಇದೀರಿ?"

ಯಾರೂ ಕೈ ಎತ್ತಲಿಲ್ಲ. ಹೊಣೆಯೂ ಬೀಗದ ಕೈಯೂ ಅವಳಲ್ಲೇ ಉಳಿದವು.

ವಿಭಾಗ ಮುಚ್ಚಿದ್ದರಿಂದ ಪಾಠಗಳು ನಿಂತವು, ಪರೀಕ್ಷೆ ಮುಂದಕ್ಕೆ ಹೋಯಿತು, ವಿದ್ಯಾರ್ಥಿಗಳು ಧಿಕ್ಕಾರ ಕೂಗಿದರು. ಹಠಮಾರಿ ಎಂದರು, ತಲೆ ಕೆಟ್ಟಿದೆ ಎಂದರು. ಕ್ಯಾಂಟೀನಿನಲ್ಲಿ ಅವಳು ಕುಳಿತ ಮೇಜಿಗೆ ಬೇರೆಯವರು ಬರುತ್ತಿರಲಿಲ್ಲ. ಅವಳು ಹೇಳುತ್ತಿದ್ದುದು ಒಂದೇ: "ಎಂಜಿನಿಯರಿಂಗ್‌ನವರು ಯಾವಾಗ ಬೇಕಾದ್ರೂ ಬಂದು ರಿಪೇರಿ ಮಾಡ್ಲಿ, ನಾನೇ ಬೀಗ ತೆಗೀತೀನಿ. ಪಾಠ ಮಾಡೋರು ಮಾತ್ರ ಮಾತ್ರೆ ಬಿಟ್ಟು ಬನ್ನಿ. ಒಬ್ಬೊಬ್ಬರೇ ಬನ್ನಿ, ಕೋಣೆ ಕೋಣೆ ತೋರಿಸ್ತೀನಿ. ನೋಡಿ, ನಾನೂ ಕಂಡೆ ಅಂತ ಹೊಣೆ ಹೊತ್ಕೊಂಡ್ರೆ ಆ ಕೋಣೆ ತೆಗೀತೀನಿ." ಎಂಜಿನಿಯರಿಂಗ್‌ನವರು, ಒಬ್ಬಳ ಮಾತಿನ ಮೇಲೆ ಕೆಲಸ ಶುರುಮಾಡಲು ಆಗುವುದಿಲ್ಲ ಎಂದರು. ಬೇಸತ್ತು ಅವಳಿಗೆ ರಾಜೀನಾಮೆ ಕೊಡುವ ಮನಸ್ಸೂ ಬಂದು ಹೋಯಿತು. ಮನೆಯಲ್ಲಿ ಮಾತ್ರೆ ಕಡಿಮೆ ಮಾಡುತ್ತಿದ್ದ ನಿಜಗುಣ ಕುಕ್ಕರಿನ ಶಿಳ್ಳೆಗೂ ಬೆಚ್ಚಿಬೀಳುತ್ತಿದ್ದ. ಇಂಚರ ಮೆಟ್ಟಿಲಿಳಿದರೆ ಹಿಂದೆಯೇ ಓಡುತ್ತಿದ್ದ. ಒಂದು ಸಂಜೆ, ಮಗಳ ತೋಳಿನ ಗಾಯದ ಗುರುತನ್ನು ಹಿಡಿದುಕೊಂಡು, ಅವನು ಜೋರಾಗಿ ಅತ್ತುಬಿಟ್ಟ. ಇಂಚರಳಿಗೆ ಏನೂ ಅರ್ಥವಾಗದೆ, "ನೋವಿಲ್ಲ ಅಪ್ಪಾ" ಎಂದು ಅವನನ್ನೇ ಸಮಾಧಾನ ಮಾಡಿದಳು.

ಕೊನೆಗೂ ಒಬ್ಬರು ಬಂದರು, ಜಯದೇವಪ್ಪ.

ಮಧ್ಯಾಹ್ನದ ಬಿಸಿಲಲ್ಲಿ ಕೊಡೆ ಹಿಡಿದು, ನಿಧಾನಕ್ಕೆ ನಡೆದು ಬಂದು ವಿಭಾಗದ ಬಾಗಿಲಲ್ಲಿ ನಿಂತರು. ಮುಖ ಇಳಿದುಹೋಗಿತ್ತು. "ನಿನ್ನೆ ಮೇಘಶ್ರೀ ನೋಡೋಕೆ ಹೋಗಿದ್ದೆ ಮೇಡಂ" ಎಂದರು. "ಅಲ್ಲಿ ನನಗೆ ಅಳು ಬರಬೇಕಿತ್ತು, ಬರ್ಲಿಲ್ಲ. ಅವಳಮ್ಮ ನನ್ನ ಮುಖ ನೋಡಿದ್ರು. ನೋಡಿ, ಆ ಕಡೆ ತಿರುಗಿಬಿಟ್ರು." ಕೊಡೆ ಮಡಿಸಿದರು. "ಇವತ್ತು ತಗೊಂಡಿಲ್ಲ. ತೋರ್ಸಿ."

ಅವಳು ಬಾಗಿಲು ತೆಗೆದಳು. ಸುಟ್ಟ ಕೋಣೆಯನ್ನು ಬಿಟ್ಟು, ಮೊದಲು ಪಕ್ಕದ ಕೋಣೆಗೆ, ಎಂ.ಎಸ್ಸಿ. ಮಕ್ಕಳ ಪ್ರಯೋಗಾಲಯಕ್ಕೆ ಕರೆದೊಯ್ದಳು. ಅವರು ಮೂವತ್ತು ವರ್ಷ ಪಾಠ ಮಾಡಿದ ಕೋಣೆ. ಗ್ಯಾಸ್ ಕೊಳವೆಯ ರಬ್ಬರು ಎಲ್ಲೆಲ್ಲೂ ಒಡೆದು ಬಾಯಿ ಬಿಟ್ಟಿತ್ತು. ಆಮ್ಲದ ಬಾಟಲಿಗಳನ್ನು ಹೊತ್ತ ಕಪಾಟು ಗೋಡೆಯಿಂದ ಕಿತ್ತುಬಂದು ಒಂದೇ ಮೊಳೆಯಲ್ಲಿ ತೂಗುತ್ತಿತ್ತು. ಅದರ ಕೆಳಗೆ ಮಕ್ಕಳು ಕೂರುವ ಸ್ಟೂಲುಗಳ ಸಾಲು. ತುರ್ತು ಬಾಗಿಲಿಗೆ ಹಳೆಯ ಬೆಂಚುಗಳನ್ನು ಅಡ್ಡ ಒಟ್ಟಿದ್ದರು. ಜಯದೇವಪ್ಪನವರು ಒಂದೊಂದನ್ನೇ ನೋಡುತ್ತ ಹೋದರು. ಕಪಾಟಿನ ಬಳಿ ನಿಂತರು. ಕೆಳಗಿನ ಸ್ಟೂಲುಗಳನ್ನು ನೋಡಿದರು, ಮತ್ತೆ ಮೇಲೆ ನೋಡಿದರು. ಅವರ ಬಿಲ್ಲೆ ಕೆಂಪಾಯಿತು.

"ಅಯ್ಯೋ" ಎಂದರು.

ಗೋಡೆ ಹಿಡಿದುಕೊಂಡು, ಬೆವರಿದ ಹಣೆ ಒರೆಸಿಕೊಂಡು, ಜೇಬಿಗೆ ಕೈ ಹಾಕಿದರು. ಮಾತ್ರೆಯ ಪಟ್ಟಿಯ ಚರಪರ ಸದ್ದಾಯಿತು. ಕೈ ಜೇಬಿನಲ್ಲೇ ಬಹಳ ಹೊತ್ತು ನಿಂತು, ಫೋನು ಹಿಡಿದು ಹೊರಗೆ ಬಂತು.

"ಹಲೋ, ಎಂಜಿನಿಯರ್ ಸಾಹೇಬ್ರಾ? ಜಯದೇವಪ್ಪ ಮಾತಾಡ್ತಿರೋದು. ಕೆಮಿಸ್ಟ್ರಿ ವಿಭಾಗದಿಂದ. ಇಲ್ಲ, ಮೇಡಂ ಅಲ್ಲ, ನಾನು. ನಾನು ನೋಡ್ದೆ. ಇಲ್ಲಿ ನಿಂತ್ಕೊಳೋಕೆ ಭಯ ಆಗ್ತಿದೆ ಕಣ್ರೀ. ಈಗ್ಲೇ ಜನ ಕಳ್ಸಿ. ನಾಳೆ ಅಲ್ಲ, ಈಗ." ಫೋನಿಟ್ಟು ಅವಳ ಕಡೆ ತಿರುಗಿದರು. "ಇದೆಲ್ಲ ಹೀಗೇ ಇತ್ತಾ ಮೇಡಂ?"

ಈ ಮಾತಿಗಾಗಿ ಅವಳು ಎಷ್ಟು ಕಾಲದಿಂದ ಕಾದಿದ್ದಳೋ. ಬಂದಾಗ ಹಗುರಾಗಬೇಕಿತ್ತು. ಅದರ ಬದಲು, ಇಷ್ಟು ದಿನ ಅದುಮಿಟ್ಟ ಸಿಟ್ಟೆಲ್ಲ ನುಗ್ಗಿ ಬಂತು. "ಹೀಗೇ ಇತ್ತು ಸರ್. ನಾನು ಹೇಳ್ತಾನೇ ಇದ್ದೆ" ಎಂದಳು. ಇನ್ನೂ ಏನೋ ಹೇಳಹೊರಟು, ಬೆವರಿ ನಿಂತ ಆ ವಯಸ್ಸಾದ ಮುಖ ನೋಡಿ, ಅಲ್ಲಿಗೇ ಬಿಟ್ಟು ಕಾರಿಡಾರಿಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಕೆಳಗೆ, ಬಾಗಿಲ ಹೊರಗೆ, ಭೌತರಸಾಯನದ ಅಧ್ಯಾಪಕರೊಬ್ಬರು ಒಳಗೆ ಬರಲೋ ಬೇಡವೋ ಎಂದು ಚಪ್ಪಲಿ ಎಳೆಯುತ್ತ ನಿಂತಿದ್ದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಮಾತ್ರೆ ತಗೊಂಡಿದೀರಾ?" ಎಂದು ಮೇಲಿನಿಂದಲೇ ಕೇಳಿದಳು.

"ಇಲ್ಲ ಮೇಡಂ."

"ಬನ್ನಿ ಹಾಗಾದ್ರೆ" ಎಂದು ಎದ್ದಳು.